ಹನ್ನೆರಡನೆಯ ಚಮಚ

ಅಕ್ಕ ಐವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾಗಿ ಹೋದಾಗ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ತಂಗಿ ಅಳಲಿಲ್ಲ. ಇಬ್ಬರೇ ಮೂವತ್ತು ವರ್ಷ ಬಾಳಿದ್ದ ಆ ಎರಡು ಕೋಣೆಗಳಲ್ಲಿ ಯಾವುದು ಯಾರದೆಂದು ಪಟ್ಟಿ ಮಾಡಿದಳು. ಅಕ್ಕ ಕೇಳಿದ್ದು ಅಮ್ಮನ ಕಂಬಳಿ, ರೇಡಿಯೋ, ಒಂದು ಹೂದಾನಿ, ಅಷ್ಟೇ. ಅಷ್ಟಕ್ಕೇ ತಂಗಿಗೆ ಅರ್ಧ ಮನೆಯನ್ನೇ ಕಿತ್ತುಕೊಂಡು ಹೋದಂತಾಯಿತು.

ಉಳಿದದ್ದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು. ಬೀರುವಿಗೆ ಬೀಗ ಬಿತ್ತು. ಸಂಜೆ ಬಂದವಳೇ ತಟ್ಟೆ, ಬಟ್ಟಲು ಒರೆಸುತ್ತ ಕೂರುವಳು. ಮಾತಾಡಿಸಲು ಇದ್ದದ್ದೂ ಅವೇ.

ಒಂದು ಭಾನುವಾರ ಅಕ್ಕ, ಭಾವ ಊಟಕ್ಕೆ ಬಂದರು. ಭಾವ ಬಸ್ ಕಂಡಕ್ಟರಾಗಿದ್ದವರು. ಬೀರು ನೋಡಿ, "ಮ್ಯೂಸಿಯಂ ಥರ ಇದೆಯಲ್ಲಮ್ಮ, ಟಿಕೆಟ್ ನಾನೇ ಹರೀಲಾ?" ಎಂದರು. ಅಕ್ಕ ನಕ್ಕಳು. ತಂಗಿಗೆ ಮೈಯೆಲ್ಲ ಉರಿಯಿತು.

ಅವರು ಹೋದಮೇಲೆ ಚಮಚ ಎಣಿಸಿದಳು. ಹನ್ನೆರಡಿರಬೇಕಿತ್ತು, ಹನ್ನೊಂದೇ! ಮತ್ತೆ ಎಣಿಸಿ ಫೋನ್ ಹಚ್ಚಿದಳು.

"ಅಕ್ಕಾ, ಒಂದು ಚಮಚ ಕಾಣ್ತಿಲ್ಲ."

"ಅಲ್ಲೇ ಎಲ್ಲೋ ಇರುತ್ತೆ ನೋಡೇ."

"ನೋಡಾಯ್ತು. ನಿನ್ನ ಚೀಲದಲ್ಲೂ ಒಂದ್ಸಲ ನೋಡು."

"ಸರಿ ಕಣೆ," ಎಂದು ಅಕ್ಕ ಫೋನಿಟ್ಟಳು.

ಮರುದಿನ ಸಂಜೆ ಬಾಗಿಲ ಮುಂದೆ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಒಗೆದು ಮಡಿಸಿದ ಕಂಬಳಿ, ರೇಡಿಯೋ, ಹೂದಾನಿ. ಒಂದು ಚೀಟಿಯೂ ಇರಲಿಲ್ಲ. ಎಲ್ಲವನ್ನೂ ಹಳೆಯ ಜಾಗದಲ್ಲಿ ಜೋಡಿಸಿದಳು. ಒಂದು ಗಳಿಗೆ ಹಾಯೆನಿಸಿತು ಕೂಡ. ಅದನ್ನು ನೆನೆದರೆ ಈಗಲೂ ಅವಳು ನಾಚಿಕೆಯಿಂದ ಕುಗ್ಗುತ್ತಾಳೆ. ಆಮೇಲೆ ರೇಡಿಯೋ ಹಾಕಿದಳು. ನಾಳೆ ಚಳಿ ಹೆಚ್ಚೆಂದು ಯಾರೋ ಹೇಳಿದರು. "ಕೇಳಿಸ್ತೇನೇ?" ಎನ್ನಲು ಪಕ್ಕದಲ್ಲಿ ಯಾರಿದ್ದರು?

ಮೂರನೆಯ ದಿನ ಕಸದ ಬುಟ್ಟಿ ಬೋರಲು ಹಾಕುವಾಗ ಸಿಪ್ಪೆಗಳ ನಡುವಿನಿಂದ ಚಮಚ ಠಣ್ಣೆಂದು ಬಿತ್ತು. ಅಂದು ಎಂಜಲು ತಟ್ಟೆ ಬಳಿದವಳು ಅವಳೇ.

ಅಕ್ಕ ಫೋನ್ ಎತ್ತಲಿಲ್ಲ. ತಂಗಿ ಬಸ್ ಹತ್ತಿದಳು. ಬಾಗಿಲು ತೆರೆದ ಭಾವನ ಮುಖದಲ್ಲಿ ಈ ಸಲ ತಮಾಷೆಯಿರಲಿಲ್ಲ. "ಒಳಗಿದ್ದಾಳೆ. ಮಾತಾಡ್ತಾಳೋ ಇಲ್ವೋ, ಗೊತ್ತಿಲ್ಲಮ್ಮ."

ಅಕ್ಕ ತರಕಾರಿ ಹೆಚ್ಚುತ್ತಿದ್ದಳು, ತಿರುಗಲಿಲ್ಲ.

"ತಪ್ಪಾಯ್ತಕ್ಕಾ. ಚಮಚ ನಾನೇ ಕಸಕ್ಕೆ ಹಾಕಿದ್ದೆ."

"ಚಮಚ ಹಾಳಾಗ್ಲಿ. ನನ್ನನ್ನ ಕಳ್ಳಿ ಮಾಡಿದ್ಯಲ್ಲೇ."

ಚಾಕುವಿನ ಸದ್ದು ತುಸು ನಿಂತು ಮತ್ತೆ ಶುರುವಾಯಿತು. ಅಕ್ಕ ಕೂರೆನ್ನಲಿಲ್ಲ. ತಂಗಿಯೇ ಮೂಲೆಯ ಸ್ಟೂಲು ಎಳೆದುಕೊಂಡು ಕೂತಳು.