ಎಲಾಸ್ಟಿಕ್ ಬೇಡ, ಟವೆಲ್ ಸಾಕು

ಹೊಲಿಗೆಯವರಿಗೆ ಸೊಂಟ ಹಿಡಿದುಕೊಳ್ಳುವುದು ಹೊಸ ಸುದ್ದಿಯೇನಲ್ಲ. ಆದರೆ ನಮ್ಮ ಪಕ್ಕದ ಮನೆಯ ಟೈಲರ್ ಅಕ್ಕನಿಗೆ ಕುಳಿತರೆ ಏಳಲು ಆಗುತ್ತಿರಲಿಲ್ಲ. ಹೊಲಿಗೆ ಬಿಟ್ಟರೆ ಬೇರೆ ಕೆಲಸ ಅವಳಿಗೆ ಗೊತ್ತೂ ಇಲ್ಲ.

ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಪಿಲಾಟಿಸ್ ಕಲಿಸುವ ಟೀಚರ್ ಹತ್ತಿರ ಹೋದಳು. ಚಾಪೆಯ ಮೇಲೆ ಮಲಗಿ, ಉಸಿರಿನ ಜೊತೆ ನಿಧಾನವಾಗಿ ಮಾಡುವ ವ್ಯಾಯಾಮ ಅದು. ಟೀಚರ್ ಅವಳ ತಲೆಯ ಕೆಳಗೆ ಮಡಚಿದ ಟವೆಲ್, ಮಂಡಿಗಳ ನಡುವೆ ದಿಂಬು ಇಡಿಸಿದರು. ಇದನ್ನು ಕೇಳಿ ಅವಳ ಗಂಡ ನಕ್ಕಿದ್ದೇ ನಕ್ಕಿದ್ದು. ದಿಂಬಿಟ್ಟುಕೊಂಡು ಮಲಗುವುದೇ ವ್ಯಾಯಾಮವಾದರೆ ತಾನು ಹುಟ್ಟಿದಾಗಿನಿಂದ ಪೈಲ್ವಾನ್ ಎಂದ.

ಅವಳಿಗೂ ಹೌದೆನಿಸಿತು. ಮನೆಯಲ್ಲಿ ದಿಂಬನ್ನು ಬದಿಗೆಸೆದು, ಕಾಲು ಚಾಚಿ ಎಳೆಯಲೆಂದು ಎಲಾಸ್ಟಿಕ್ಕಿನ ಉದ್ದ ತುಂಡೊಂದನ್ನು ಪಾದಕ್ಕೆ ಸಿಕ್ಕಿಸಿಕೊಂಡಳು. ಸೊಂಟಪಟ್ಟಿ ಹೊಲಿಯುವಾಗ ಎಲಾಸ್ಟಿಕ್ಕನ್ನು ಚೆನ್ನಾಗಿ ಎಳೆದು ಹಿಡಿಯುವುದು ಅವಳಿಗೆ ಇಪ್ಪತ್ತು ವರ್ಷದ ಅಭ್ಯಾಸ. ಇಲ್ಲೂ ಹಾಗೆಯೇ ಉಸಿರು ಬಿಗಿಹಿಡಿದು ಎಳೆದಳು. ಅದು ಪಾದದಿಂದ ಜಾರಿ ಫಟ್ಟನೆ ಕಣ್ಣಿಗೆ ಬಡಿಯಿತು.

ಅವಳ ಕೂಗಿಗೆ ನಾನೂ ಓಡಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವಾಗ ಅವಳು ಗಂಡನನ್ನು ಕೇಳಿದ್ದು ಒಂದೇ ಮಾತು.

"ರೀ, ಸೂಜಿಗೆ ದಾರ ಹಾಕೋಕೆ ಇನ್ನು ಆಗುತ್ತೋ ಇಲ್ವೋ?"

ಅಷ್ಟರಲ್ಲಿ ನರ್ಸ್ ಬಂದು ಅವಳನ್ನು ಒಳಗೆ ಕರೆದೊಯ್ದರು. ಅರ್ಧ ಗಂಟೆಯ ನಂತರ ವೈದ್ಯರು ಹೊರಗೆ ಬಂದು, ಪೆಟ್ಟು ರೆಪ್ಪೆಯ ಮೇಲೆ ಬಿದ್ದಿದೆ, ಕಣ್ಣಿಗೆ ಏನೂ ಆಗಿಲ್ಲ ಎಂದರು.

ಮನೆಗೆ ನೋಡಲು ಬಂದ ಟೀಚರ್ ಅವಳನ್ನು ಬೈಯಲಿಲ್ಲ. ಗಂಡನನ್ನೇ ಚಾಪೆಯ ಮೇಲೆ ಮಲಗಿಸಿ, ಮಂಡಿ ಮಡಚಿಸಿ, ನಡುವೆ ದಿಂಬಿಟ್ಟರು. ಉಸಿರು ಬಿಡುತ್ತಾ ದಿಂಬನ್ನು ಮೆಲ್ಲಗೆ ಒತ್ತಿ ಸೊಂಟ ಎತ್ತಲು ಹೇಳಿದರು. ಐದನೇ ಸಲಕ್ಕೆ ಪೈಲ್ವಾನರ ತೊಡೆ ಗಡಗಡ ನಡುಗಿತು.

"ದಿಂಬು ಆರಾಮಕ್ಕಲ್ಲ ಅಣ್ಣ, ಮಂಡಿ ಅತ್ತಿತ್ತ ಜಾರದೇ ಇರಲಿ ಅಂತ. ಕಾಲು ಚಾಚೋಕೆ ಪಾದಕ್ಕೆ ಉದ್ದ ಟವೆಲ್ ಹಾಕ್ಕೊಂಡ್ರೆ ಸಾಕು, ಅದು ಚಿಮ್ಮಲ್ಲ. ಉಸಿರು ಕಟ್ಟಬೇಡಿ. ನೋವು ಬಂದ್ರೆ ಅಲ್ಲೇ ನಿಲ್ಲಿಸಿ," ಎಂದರು.

ವೈದ್ಯರು ಒಪ್ಪಿದ ಮೇಲೆ ಅಕ್ಕ ಮತ್ತೆ ಚಾಪೆ ಹಾಸಿದಳು. ದಿಂಬು ತಂದಿಟ್ಟವನು ಗಂಡನೇ. ಎರಡು ತಿಂಗಳಾಯಿತು, ಈಗ ಮಿಷನ್ ಹಿಡಿದುಕೊಳ್ಳದೆ ಏಳುತ್ತಾಳೆ.

ಓದುತ್ತಿರುವ ನಿಮ್ಮ ಮನೆಯಲ್ಲೂ ಒಂದು ದಿಂಬು, ಒಂದು ಟವೆಲ್ ಇದ್ದೇ ಇರುತ್ತದೆ. ವೈದ್ಯರನ್ನು ಕೇಳಿ, ತಿಳಿದವರಿಂದ ಕಲಿತು ಬಳಸಿ. ಕೈಗೆ ಸಿಕ್ಕಿದ್ದನ್ನೆಲ್ಲ ಕಾಲಿಗೆ ಕಟ್ಟಿ ಎಳೆಯಬೇಡಿ. ನಮ್ಮ ಅಕ್ಕನ ಕಣ್ಣು ಉಳಿದದ್ದು ರೆಪ್ಪೆಯಷ್ಟು ಅಂತರದಲ್ಲಿ.