ಬೆಲ್ಟು ಕಟ್ಟಿದವನಿಗೆ ಇಟ್ಟ ಹೆಸರು

ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವರ ಗುಂಪಿಗೆ ಅವಳ ಅಪ್ಪನೇ ಮೇಸ್ತ್ರಿ. ಅವಳ ಗಂಡನೂ ಅದೇ ಗುಂಪಿನಲ್ಲಿದ್ದ. ಮಾವ ತಾರಸಿಯ ಮೇಲೆ ನಿಂತು ಹಗ್ಗ ನೋಡಿಕೊಂಡರೆ, ಅಳಿಯ ಹಗ್ಗಕ್ಕೆ ತೂಗಿಬಿಟ್ಟ ಹಲಗೆಯ ಮೇಲೆ ಕೂತು ಗೋಡೆಗೆ ಬಣ್ಣ ಹೊಡೆಯುತ್ತಿದ್ದ. ಹಲಗೆ ಜಾರಿದರೂ ಜೀವ ಉಳಿಯಲೆಂದು ಸೊಂಟಕ್ಕೆ ಕಟ್ಟುವ ಬೆಲ್ಟು ಎಲ್ಲರಿಗೂ ಇತ್ತು. ಕಟ್ಟುವವರು ಯಾರೂ ಇರಲಿಲ್ಲ. ಕಟ್ಟಿದವನಿಗೆ ಮೇಸ್ತ್ರಿ ‘ಬಾಣಂತಿ’ ಎಂದು ಹೆಸರಿಡುತ್ತಿದ್ದ. ಹೆತ್ತವಳು ಹೊಟ್ಟೆಗೆ ಬಟ್ಟೆ ಬಿಗಿದುಕೊಂಡ ಹಾಗೆ ಇವನೂ ಬಿಗಿದುಕೊಂಡಿದ್ದಾನಂತೆ. ಅಷ್ಟು ಸಾಕು, ಮರುದಿನ ಬೆಲ್ಟು ಮೂಲೆ ಸೇರುತ್ತಿತ್ತು. ಗಂಡಸುತನ ಅಷ್ಟು ನಾಜೂಕಿನ ವಸ್ತು.

ಮದುವೆಯ ಹೊಸದರಲ್ಲಿ ಗಂಡ ಇದನ್ನು ಹೇಳಿದಾಗ ಅವಳೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಆಗ ಆ ಮಾತು ಬೇರೆ ಯಾರದೋ ಮೈಮೇಲಿತ್ತು.

ಮಗ ಹುಟ್ಟಿದ ಮೇಲೆ ಮಾತ್ರ ಬೆಲ್ಟಿಲ್ಲದೆ ಇಳಿಯುವುದಿಲ್ಲವೆಂದು ಗಂಡನಿಂದ ಮಾತು ತೆಗೆದುಕೊಂಡಳು. ಅವನು ಕೆಲವು ದಿನ ಕಟ್ಟಿದ. ಆಮೇಲೆ ಬಿದ್ದ ಸುದ್ದಿ ಬಂತು.

ಮಣ್ಣು ಮಾಡಿ ಬಂದ ಮೇಲೆ ಒಂದು ಸಂಜೆ ಗುಂಪಿನವನೊಬ್ಬ ಮನೆಗೆ ಬಂದ. ಆಳು ಉದ್ದವೆಂದು ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು.

“ಅಣ್ಣಾ, ಅವರು ಬೆಲ್ಟು ಕಟ್ಟಿರಲಿಲ್ವಾ?” ಎಂದು ಅವಳು ಕೇಳಿದಳು.

ಏಣಿ, ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿಯ ಮುಖ ನೋಡಿದ. “ದಿನಾ ಕಟ್ತಿದ್ದ ತಾಯಿ. ಅವತ್ತು ಬೆಳಿಗ್ಗೆ ಬಿಚ್ಚಿ ಎಸೆದ.”

“ಯಾಕೆ?”

“ನಾವೆಲ್ಲ ರೇಗಿಸ್ತಿದ್ವಿ. ಬಾಣಂತಿಗೆ ಶೀತ ಆದೀತು, ಕಿವಿ ಮುಚ್ಚಿಸ್ರೋ ಅಂತ. ಸುಮ್ನೆ ತಮಾಷೆಗೆ.”

ತಮಾಷೆಯಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕೂಸು ಅವಳ ಮಡಿಲಲ್ಲಿ ಮಲಗಿತ್ತು. ಹೆರಿಗೆಯ ಹೊಲಿಗೆ ಇನ್ನೂ ಮಾಗಿರಲಿಲ್ಲ, ಅಲುಗಿದರೆ ಎಳೆಯುತ್ತಿತ್ತು. ಹೆರುವಾಗ ರಕ್ತ ಹೋಗಿ ಅವಳು ಉಳಿಯುವುದೇ ಅನುಮಾನವಾದಾಗ ಇದೇ ಅಪ್ಪ ಆಸ್ಪತ್ರೆಯ ಬಾಗಿಲಲ್ಲಿ ಕೂತು ಗೋಳಾಡಿದ್ದ. ಸಾವಿನ ಬಾಯಿಂದ ಎದ್ದು ಬಂದವಳಿಗಿರುವ ಹೆಸರು ಅದು. ಅದನ್ನು ಕೇಳಲಾರದೆ ಒಬ್ಬ ಗಂಡಸು ಜೀವದ ಹಂಗೇ ಬಿಟ್ಟನೆಂದರೆ, ಇವರೆಲ್ಲ ಇಷ್ಟು ದಿನ ತನ್ನನ್ನು ಏನೆಂದುಕೊಂಡಿದ್ದರು? ಗಂಡನೂ ಹಾಗೇ ಅಂದುಕೊಂಡಿದ್ದನೇ? ಅದನ್ನು ಕೇಳೋಣವೆಂದರೆ ಅವನೇ ಇಲ್ಲ.

“ಅಪ್ಪಾ, ಬಾಣಂತಿ ನಾನಲ್ವಾ?” ಎಂದಳು. “ನನ್ನ ಹಾಗೆ ಕಾಣೋದು ಅಷ್ಟು ಹೇಸಿಗೆನಾ? ಅದಕ್ಕಿಂತ ಸಾಯೋದೇ ವಾಸಿನಾ?”

ಮೇಸ್ತ್ರಿ ಹಣೆ ಚಚ್ಚಿಕೊಂಡು ಅತ್ತ. “ಬೈದಿದ್ದಲ್ಲ ಮಗಳೇ. ಬಾಯಿಗೆ ಬಂದದ್ದು ಅಂದೆ. ನನ್ನ ನಾಲಿಗೆ ಬಿದ್ದುಹೋಗ್ಲಿ.”

ಅವನ ದುಃಖ ಸುಳ್ಳಾಗಿರಲಿಲ್ಲ. ಅಳಿಯನನ್ನು ಹೆತ್ತ ಮಗನ ಹಾಗೆ ನೋಡಿಕೊಂಡಿದ್ದವನು. ಕೆಟ್ಟವನಾಗಿದ್ದರೆ ಶಾಪ ಹಾಕಿಯಾದರೂ ಹಗುರಾಗುತ್ತಿದ್ದಳು. ಒಳ್ಳೆಯವನನ್ನು ಏನು ಮಾಡುವುದು?

ಗದ್ದಲಕ್ಕೆ ಕೂಸು ಎದ್ದು ಚೀರತೊಡಗಿತು. ಮೇಸ್ತ್ರಿ ಕಣ್ಣೊರೆಸಿಕೊಂಡು ಮೊಮ್ಮಗನನ್ನು ಎತ್ತಿಕೊಂಡ. ಎದೆಗೊತ್ತಿಕೊಂಡು ಬೆನ್ನು ತಟ್ಟಿದ.

“ಅಳಬಾರದು ಕಣೋ ರಾಜ. ಹೆಂಗಸರ ಹಾಗೆ ಅಳ್ತಾರಾ ಯಾರಾದ್ರೂ? ನೀನು ಗಂಡು ಕಣೋ, ಗಂಡು.”

ಅವಳು ಕೂಸಿಗಾಗಿ ಕೈ ಚಾಚಿದಳು. ಅಪ್ಪನಿಗೆ ಅದು ಕಾಣಲಿಲ್ಲ. ತಟ್ಟಿ ತಟ್ಟಿ ಕೂಸಿನ ಅಳು ನಿಂತಿತು.

“ನೋಡು,” ಎಂದ ಅವನು ಮಗಳ ಕಡೆ ತಿರುಗಿ, ಒದ್ದೆ ಕಣ್ಣಲ್ಲೇ. “ಈಗಲೇ ಅರ್ಥ ಆಗುತ್ತೆ ಇವನಿಗೆ.”