ಚುಕ್ಕಿಹೂವಿನ ನಾಣ್ಯ

ದುರ್ಗದಬೈಲ್‌ನ ಬಳೆ ಅಂಗಡಿಯಲ್ಲಿ ಕೆಲಸಕ್ಕಿದ್ದ ರಜನಿಗೆ ಚಿಲ್ಲರೆಯ ಕಾಗದದ ಸುರುಳಿ ಬಿಚ್ಚಿದಾಗ ಹಿಂದಿನ ದಿನ ಸಿಕ್ಕಂಥದೇ ಇನ್ನೊಂದು ನಾಣ್ಯ ಸಿಕ್ಕಿತು. ಒಂದು ಮುಖವನ್ನು ನುಣ್ಣಗೆ ಉಜ್ಜಿ, ಮೇಲೆ ಚುಕ್ಕಿಗಳ ಹೂವು ಬಡಿದಿದ್ದರು. ಪಾತ್ರೆಗಳ ಮೇಲೆ ಹೆಸರು ಬಡಿಯುತ್ತಿದ್ದ ಅಣ್ಣ ಶಿವಯೋಗೀಶ ಪ್ರತಿ ಹೆಸರಿನ ಕೊನೆಗೂ ಹಾಕುತ್ತಿದ್ದ ಹೂವು ಅದು. ಅಪ್ಪನ ಜೊತೆ ಜಗಳಾಡಿ ಮನೆ ಬಿಟ್ಟವನ ಸುದ್ದಿಯೇ ಇರಲಿಲ್ಲ.

ಅವಳು ಉಳಿದ ಸುರುಳಿಗಳನ್ನೂ ಬಿಚ್ಚತೊಡಗಿದಳು.

“ಏನವಾ, ಇದು ಅಂಗಡಿ ಐತೋ, ಹುಂಡಿ ಎಣಸೋ ಗುಡಿ ಐತೋ?” ಎಂದರು ಮಾಲೀಕ ಕುಮಾರಸ್ವಾಮಿ.

“ಕಾಕಾ, ಈ ಚಿಲ್ಲರ ಯಾರು ಕೊಟ್ಟದ್ದು?”

“ನವನಗರ ಬಸ್ಸಿನ ಕಂಡಕ್ಟರ್. ದಿನಾ ಅವನ ಕೊಡತಾನಲ್ಲ.”

ಹಾಗಾದರೆ ಅಣ್ಣ ಆ ಬಸ್ಸು ಹತ್ತುತ್ತಾನೆ. ರಜನಿ ಸೂಜಿಯಿಂದ ಹೂವಿನ ಪಕ್ಕ ‘ಬಾ’ ಎಂದು ಗೀಚಿದಳು. ಸಂಜೆ ಅದೇ ಬಸ್ಸು ಹತ್ತಿ ನಾಣ್ಯವನ್ನು ಕಂಡಕ್ಟರನ ಮುಂದೆ ಚಾಚಿದಳು.

“ಅಕ್ಕಾರ, ಹೆಣಮಕ್ಕಳಿಗೆ ಪುಕ್ಕಟ ಐತ್ರಿ. ರೊಕ್ಕಾ ಯಾಕ?”

“ಇಟ್ಕೋರಿ. ಯಾರಿಗರೆ ಚಿಲ್ಲರ ಕೊಡಾಕ ಬರತೈತಿ.”

ಅವನು ನಕ್ಕು ಚೀಲಕ್ಕೆ ಹಾಕಿಕೊಂಡ. ಈಗ ಟಿಕೆಟ್ಟು ಕೊಳ್ಳುವವರು ಗಂಡಸರಷ್ಟೇ. ಚಿಲ್ಲರೆ ಹೋಗುವುದೂ ಅವರ ಕೈಗೇ. ತಾನು ಇಳಿಯಬೇಕಾದ ಸ್ಟಾಪು ದಾಟಿದರೂ ರಜನಿ ಏಳಲಿಲ್ಲ, ಕಂಡಕ್ಟರನ ಮುಂದೆ ಚಾಚಿಕೊಂಡ ಒಂದೊಂದು ಅಂಗೈಯನ್ನೂ ನೋಡುತ್ತ ಕೂತಳು.